ಹುಳು ಸುಮ್ಮನಾದಾಗ ಕೇಳಿಸಿದ ತೊಲೆ

ಕಳೆದ ವಾರ ಚಿಕ್ಕಬಳ್ಳಾಪುರದಲ್ಲಿ ನಮ್ಮ ಎದುರು ಸಾಲಿನ ಹಳೇ ಮನೆಯೊಂದನ್ನು ಕೆಡವಿದರು. ಧೂಳು ಏಳದಿರಲಿ ಅಂತ ಮಣ್ಣಿನ ಮಾಳಿಗೆಯ ಮೇಲೆ ಪೈಪು ಹಿಡಿದು ನೀರು ಬಿಟ್ಟರು ನೋಡಿ, ಆ ವಾಸನೆ ಬಂತು. ಹೊಲದ ಮಣ್ಣು ಮಳೆಗೆ ನೆಂದಾಗ ಬರುವ ವಾಸನೆಯಲ್ಲ ಅದು. ವರ್ಷಗಟ್ಟಲೆ ಮನೆಯ ನೆತ್ತಿಯ ಮೇಲೆ ಕೂತು, ಕೆಳಗಿನ ಒಲೆಯ ಹೊಗೆ ಕುಡಿದು, ಮೇಲಿನ ಬಿಸಿಲಿಗೆ ಬೆಂದ ಮಣ್ಣಿನ ವಾಸನೆ. ಸೋಸುತ್ತಿದ್ದ ಸೊಪ್ಪನ್ನು ಮೊರದಲ್ಲೇ ಬಿಟ್ಟು ಗೇಟಿಗೆ ಓಡಿದೆ. ಮಗಳು "ಅಮ್ಮಾ, ಧೂಳು, ಒಳಗೆ ಬಾ" ಅಂತ ಕೂಗುತ್ತಲೇ ಇದ್ದಳು. ಎಲ್ಲಿ ಕೇಳಿಸುತ್ತದೆ! ನಾನಾಗಲೇ ಶಿಡ್ಲಘಟ್ಟದಾಚೆಯ ನಮ್ಮ ಅತ್ತೆ ಮನೆಯ ನಡುಮನೆಯಲ್ಲಿ ನಿಂತಿದ್ದೆ. ಹತ್ತೊಂಬತ್ತು ವರ್ಷ, ತಲೆ ಮೇಲೆ ಸೆರಗು, ಕಣ್ಣು ತೊಲೆಯ ಮೇಲೆ.

ಐವತ್ತರ ದಶಕದ ಕೊನೆಯ ಒಂದು ಬೇಸಿಗೆ ಅದು. ನಾನು ಮದುವೆಯಾಗಿ ಬಂದು ವರ್ಷ ತುಂಬಿರಲಿಲ್ಲ.

ನಾನು ಹುಟ್ಟಿದ್ದು ಗೌರಿಬಿದನೂರು ತಾಲ್ಲೂಕಿನ ನಗರಗೆರೆಯಲ್ಲಿ. ನಮ್ಮಪ್ಪ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಆಚಾರಿಯನ್ನು ಕರೆಸುವ ಮನುಷ್ಯ. "ಅವನ ವಿದ್ಯೆ ಅವನದು, ನಮಗ್ಯಾಕಮ್ಮ?" ಅನ್ನುತ್ತಿದ್ದರು. ಆಚಾರಿ ಬರುವವರೆಗೆ ಬಾಗಿಲು ಆರು ತಿಂಗಳು ಒಂದೇ ಕೀಲಿನ ಮೇಲೆ ನೇತಾಡಿದರೂ ಅವರಿಗೆ ಚಿಂತೆಯಿಲ್ಲ. ಅಂಥವರ ಮಗಳು ಬಂದು ಸೇರಿದ್ದು ಪಿಳ್ಳಪ್ಪನವರ ಮನೆಗೆ. ನನ್ನ ಮಾವ ಪಿಳ್ಳಪ್ಪನವರು ಜೀವಮಾನದಲ್ಲಿ ಒಬ್ಬ ಕೆಲಸಗಾರನಿಗೂ ತಮ್ಮ ಮನೆಯ ಒಂದು ಇಟ್ಟಿಗೆ ಮುಟ್ಟಲು ಬಿಟ್ಟವರಲ್ಲ. ನೇಗಿಲು ಮುರಿದರೂ ಅವರೇ, ಬಾವಿಯಿಂದ ನೀರೆತ್ತುವ ಕಪಿಲೆ ಕಿತ್ತರೂ ಅವರೇ, ಅತ್ತೆಯ ಅಡಕೆಕತ್ತರಿ ಸಡಿಲವಾದರೂ ಅವರೇ. "ಮನೆ ಕಟ್ಟಿದೋರು ನಾವು, ತೇಪೆ ಹಾಕೋರೂ ನಾವೇ. ಕೈ ಕೆಸರಾದ್ರೆ ಬಾಯಿ ಮೊಸರು" ಅಂತ ಊರ ಮುಂದೆ ಎದೆ ತಟ್ಟಿ ಹೇಳುತ್ತಿದ್ದರು.

ಸುಳ್ಳೇಕೆ ಹೇಳಲಿ, ಅವರ ಕೈಯಲ್ಲಿ ಕೆಲಸವಿತ್ತು. ಕಪಿಲೆಯ ಚರ್ಮದ ಬಾನಿ ಹೊಲಿದರೆ ತೊಟ್ಟು ನೀರು ಸೋರುತ್ತಿರಲಿಲ್ಲ. ಆದರೆ ಎಲ್ಲದಕ್ಕೂ ಆ ಕೈ ಆಗಿ ಬರಬೇಕಲ್ಲ! ಬಚ್ಚಲಮನೆಯ ಬಾಗಿಲನ್ನು ಅವರು ರಿಪೇರಿ ಮಾಡಿದ ಮೇಲೆ ಅದನ್ನು ತೆರೆಯಬೇಕಾದರೆ ಮೊದಲು ಮೇಲಕ್ಕೆ ಎತ್ತಬೇಕು, ಆಮೇಲೆ ಎಡಕ್ಕೆ ಒದೆಯಬೇಕು, ಕೊನೆಗೆ ಮನೆದೇವರನ್ನು ನೆನೆಯಬೇಕು. ಮೊದಲ ದಿನ ನಾನು ಸ್ನಾನಕ್ಕೆ ಹೋದವಳು ಒಳಗೇ ಸಿಕ್ಕಿಕೊಂಡು ಅರ್ಧ ಗಂಟೆ ಬೆವರಿದ್ದೆ. ಆ ಕಥೆ ನಗರಗೆರೆಗೂ ಮುಟ್ಟಿ ನಮ್ಮಪ್ಪ ಬಿದ್ದು ಬಿದ್ದು ನಕ್ಕರಂತೆ.

ಮನೆ ಮಣ್ಣಿನ ಮಾಳಿಗೆಯದು. ನಡುಮನೆಯ ಅಡ್ಡಕ್ಕೆ ಒಂದೇ ದಪ್ಪ ತೊಲೆ, ಅದರ ಮೇಲೆ ಜಂತೆಗಳು, ಜಂತೆಯ ಮೇಲೆ ಬಿದಿರ ದಬ್ಬೆ, ದಬ್ಬೆಯ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಬಡಿದು ಕೂರಿಸಿದ ಮಣ್ಣು. ಮಳೆಗಾಲಕ್ಕೆ ಮುಂಚೆ ಕೆರೆಯ ಅಂಚಿನಿಂದ ಚೌಳು ಮಣ್ಣು ತಂದು ಮೇಲೆ ಹಾಸುವುದು ನಮ್ಮ ಸೀಮೆಯಲ್ಲಿ ಎಲ್ಲರ ಮನೆಯ ವಾಡಿಕೆ. ಚೌಳು ಮಣ್ಣು ನೀರು ಕುಡಿಯುವುದಿಲ್ಲ ಅಂತ ಲೆಕ್ಕ. ಎಲ್ಲರೂ ಒಂದು ಪದರ ಹಾಸಿದರೆ ನಮ್ಮ ಮಾವ ಎರಡು ಪದರ ಹಾಸುವರು. ಸೋರಿದರೆ ಮತ್ತೆ ಹತ್ತು ಬುಟ್ಟಿ. ಮತ್ತೂ ಸೋರಿದರೆ ಇನ್ನೂ ಹತ್ತು. ಸೋರುವುದು ಮಾತ್ರ ನಿಂತಿರಲಿಲ್ಲ.

ಆ ಬೇಸಿಗೆಯ ರೇಷ್ಮೆ ಬೆಳೆಯನ್ನು ಅತ್ತೆ ನನ್ನ ಕೈಗೆ ಕೊಟ್ಟಿದ್ದರು. ಅತ್ತೆ ಮುನಿಯಮ್ಮನವರು ಮಾತು ಕಡಿಮೆ, ಕಣ್ಣು ಜಾಸ್ತಿ. ಮರಿಹುಳುವನ್ನು ಕೋಳಿ ಪುಕ್ಕದಲ್ಲಿ ತಟ್ಟೆಗೆ ಇಳಿಸುವ ದಿನ ನನ್ನನ್ನು ಕರೆದು, "ಈ ಬೆಳೆ ನೀನು ಮುಟ್ಟಿ ಶುರು ಮಾಡಮ್ಮ. ನಿನ್ನ ಕೈಗುಣ ಹೆಂಗದೆ ನೋಡಣ" ಅಂದರು. ಅಷ್ಟೇ ಮಾತು. ಆದರೆ ಆ ಮಾತಿನ ತೂಕ ಹೊಸ ಸೊಸೆಯಾದವಳಿಗೆ ಮಾತ್ರ ಗೊತ್ತು. ಬೆಳೆ ಆದರೆ ಕೈಗುಣದ ಸೊಸೆ. ಕೆಟ್ಟರೆ, ಮಳೆ ಕೆಡಿಸಲಿ, ರೋಗ ಕೆಡಿಸಲಿ, ಸಾಯುವ ತನಕ ಕೈಗುಣವಿಲ್ಲದವಳು. ಊರಲ್ಲಿ ಅಂಥ ಹೆಸರು ಹೊತ್ತ ಹೆಂಗಸೊಬ್ಬಳಿದ್ದಳು. ಮುದುಕಿಯಾಗಿದ್ದರೂ ಅವಳ ಕೈಗೆ ಯಾರೂ ಮರಿಹುಳು ಕೊಡುತ್ತಿರಲಿಲ್ಲ.

ಹುಳು ಮನೆಗೆ ಬಂತೆಂದರೆ ಮನೆ ನಮ್ಮದಲ್ಲ. ನಡುಮನೆಯ ತುಂಬ ಸಾಲು ಸಾಲು ಬಿದಿರ ತಟ್ಟೆಗಳು. ನಾವೆಲ್ಲ ಜಗಲಿಯಲ್ಲಿ ಮಲಗಬೇಕು. ಇಂಗಿನ ಒಗ್ಗರಣೆ ಇಲ್ಲ, ಎಣ್ಣೆ ಕಾಯಿಸುವಂತಿಲ್ಲ, ಸಂತೆಗೆ ಹೋಗಿ ಬಂದವರು ಕಾಲು ತೊಳೆದು ಬಟ್ಟೆ ಬದಲಿಸದೆ ಹೊಸಿಲು ದಾಟುವಂತಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರೆ ಹೊರಗಿನವರು ಒಳಗೆ ಬರಬಾರದು ಅಂತ ಅರ್ಥ. ಸ್ವಂತ ನಮ್ಮಪ್ಪ ನನ್ನನ್ನು ನೋಡಲು ಬಂದಾಗಲೂ ಜಗಲಿಯಲ್ಲೇ ಕೂತು ಮಜ್ಜಿಗೆ ಕುಡಿದು ಹೋಗಿದ್ದರು.

ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಹಿಪ್ಪುನೇರಳೆ ಸೊಪ್ಪು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ನಿಂತುಬಿಡುತ್ತದೆ. ಪೊರೆ ಬಿಡುವ ಹೊತ್ತು ಅದು. ನಮ್ಮ ಕಡೆ ಅದಕ್ಕೆ ಜ್ವರಕ್ಕೆ ಕೂರುವುದು ಅನ್ನುತ್ತಾರೆ. ಮಿಕ್ಕ ದಿನ ಹುಳು ಮೇಯುವ ಸದ್ದು ಹೇಗಿರುತ್ತದೆ ಗೊತ್ತೇ? ಒಣಗಿದ ಎಲೆಯ ಮೇಲೆ ಸಣ್ಣ ಮಳೆ ಬಿಡದೆ ಸುರಿದ ಹಾಗೆ. ಹಗಲೂ ಅದೇ, ಇರುಳೂ ಅದೇ. ಅದು ನಾಲ್ಕನೇ ಜ್ವರಕ್ಕೆ ಕೂತ ದಿನ ನಡುಮನೆ ಏಕ್‌ದಮ್ ನಿಶ್ಶಬ್ದ. ಮಧ್ಯಾಹ್ನ ನಾನೊಬ್ಬಳೇ ತಟ್ಟೆ ನೋಡುತ್ತ ನಿಂತಿದ್ದೆ.

ಟಿರ್ರ್... ಟಕ್.

ತಲೆ ಎತ್ತಿದೆ. ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಟಕ್. ತಟ್ಟೆಯ ಮೇಲೆ ಚಿಟಿಕೆಯಷ್ಟು ಧೂಳು ಬಿತ್ತು. ತೊಲೆಯ ನಡುಭಾಗದಲ್ಲಿ, ಅಡಿಗಡೆ, ಒಂದು ಕಪ್ಪು ಗೀಟು ಕಂಡಿತು. 

ಅತ್ತೆಗೆ ಹೇಳಿದೆ. "ಹಲ್ಲಿ ಲೊಚಗುಟ್ಟಿರಬೇಕು, ಶುಭ ಕಣಮ್ಮ" ಅಂದರು. ನಮ್ಮೆಜಮಾನರು ನಾರಾಯಣಪ್ಪನವರಿಗೆ ಹೇಳಿದೆ. "ಇಲಿ ಇರಬೇಕು ಬಿಡೇ" ಅಂದರು. ಧೈರ್ಯ ಮಾಡಿ ಬಾಗಿಲ ಮರೆಯಲ್ಲಿ ನಿಂತು ಮಾವನಿಗೂ ಹೇಳಿದೆ. ಅವರು ನಕ್ಕರು. "ಬಿಸಿಲಿಗೆ ಮರ ಮಾತಾಡ್ತದಮ್ಮ. ನಮ್ಮಪ್ಪ ಏರಿಸಿದ ತೊಲೆ ಅದು. ನಿನ್ನ ಮೊಮ್ಮಕ್ಕಳ ಮದುವೆ ನೋಡ್ತದೆ."

"ಯಾರನ್ನಾದ್ರೂ ಮೇಸ್ತ್ರೀನ ಕರೆಸಿ ಒಂದ್ಸಲ ತೋರ್ಸಿದ್ರೆ..." ಅಂದೆ.

 "ಹುಳು ಮನೇಲಿರೋವಾಗ? ಹೊರಗಿನೋನ್ನ? ಅದೂ ನಮ್ಮ ಮನೆಗೆ?" ಮಾವ ಒಂದೊಂದೇ ಮಾತನ್ನು ಎತ್ತಿ ಎತ್ತಿ ಇಟ್ಟರು. ನಾನು ಸೆರಗು ಎಳೆದುಕೊಂಡು ಒಳಗೆ ಬಂದೆ. ಬಂದೆ, ಆದರೆ ಸುಮ್ಮನಾಗಲಿಲ್ಲ. ನಾನು ಸುಮ್ಮನಾಗುವ ಜಾತಿಯವಳಲ್ಲ.

ಮಾರನೆಯ ದಿನ ಹುಳು ಜ್ವರದಿಂದ ಎದ್ದವು. ಎದ್ದ ಹುಳುವಿನ ಹಸಿವು ಕೇಳಬೇಡಿ! ಹೊರೆ ಹೊರೆ ಸೊಪ್ಪು ಹಾಕಿದರೂ ನೋಡನೋಡುತ್ತ ಕಡ್ಡಿ ಉಳಿಯುತ್ತಿತ್ತು. ಮತ್ತೆ ಆ ಮಳೆಯ ಸದ್ದು ಮನೆಯೆಲ್ಲ ತುಂಬಿತು, ತೊಲೆಯ ಸದ್ದು ಅದರಡಿ ಮುಳುಗಿ ಹೋಯಿತು. ಅಯ್ಯೋ, ಆಗ ನನಗೆ ಹೊಳೆಯಿತು: ಇವರೆಲ್ಲ ವರ್ಷವಿಡೀ ಹುಳುವಿನ ಸದ್ದಿನಲ್ಲೇ ಬದುಕಿದವರು, ಹುಳು ಸುಮ್ಮನಾದಾಗ ಇವರಿಗೆ ನಿದ್ದೆ ಬರುತ್ತದೆ. ನನಗೆ ಎಚ್ಚರವಾಗಿತ್ತು, ಯಾಕೆಂದರೆ ನಾನು ಹೊಸಬಳು. ಹುಳು ಹಣ್ಣಾಗಿ ಗೂಡು ಕಟ್ಟಲು ಇನ್ನು ಒಂಬತ್ತು ಹತ್ತು ದಿನ. ಆ ದಿನಗಳಷ್ಟು ಆ ತೊಲೆ ನಿಲ್ಲಬೇಕು. ಬೇರೆಡೆ ಸಾಗಿಸೋಣ ಅಂದರೆ ಊರಲ್ಲಿ ಯಾರ ಮನೆಯಲ್ಲೂ ಒಂದು ತಟ್ಟೆ ಇಡುವಷ್ಟು ಜಾಗವಿಲ್ಲ, ಎಲ್ಲರ ಮನೆಯಲ್ಲೂ ಹುಳು.

ಮಾತು ನಂಬದಿದ್ದರೆ ಕಣ್ಣು ನಂಬುತ್ತದೆ ಅಂದುಕೊಂಡೆ. ಹಿಂದಿನ ಬೆಳೆಯ ಒಂದು ಗೂಡನ್ನು ಬಿಸಿನೀರಿಗೆ ಹಾಕಿ ಎಳೆ ಬಿಡಿಸಿದೆ, ಐದಾರು ಎಳೆ ಸೇರಿಸಿ ಹೊಸೆದೆ. ಮಣೆಯ ಮೇಲೆ ಮಣೆ ಇಟ್ಟು ಹತ್ತಿ, ತೊಲೆಯ ಬಿರುಕಿನ ಈ ಕಡೆಯಿಂದ ಆ ಕಡೆಗೆ ಎಳೆಯನ್ನು ಬಿಗಿಯಾಗಿ ಹಿಡಿದು ಅನ್ನದ ಗಂಜಿಯಲ್ಲಿ ಅಂಟಿಸಿದೆ. ಬಿರುಕು ಕೂದಲಷ್ಟು ಅಗಲವಾದರೂ ಎಳೆ ಹರಿಯಬೇಕು. ಎರಡು ದಿನಕ್ಕೆ ಹರಿಯಿತು!

"ಇಲಿ ಕಡಿದದೆ" ಅಂದರು ಮಾವ.

"ಇಲಿಗೆ ರೇಷ್ಮೆ ಯಾತಕ್ಕೆ ಮಾವ, ಸೀರೆ ನೇಯ್ಸುತ್ತಾ?" ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಇನ್ನೊಂದು ಎಳೆ ಅಂಟಿಸಿದೆ.

ಅಷ್ಟರಲ್ಲಿ ಆಕಾಶ ಬಣ್ಣ ಬದಲಿಸಿತು. ನಂದಿ ಬೆಟ್ಟದ ಕಡೆ ಮಧ್ಯಾಹ್ನವಾದರೆ ಮೋಡ ಕಟ್ಟುವುದು, ಗುಡುಗುವುದು, ಚದುರುವುದು. ಭರಣಿ ಮಳೆ ಬಂದರೆ ಧರಣಿ ಬದುಕೀತು ಅಂತ ಊರೆಲ್ಲ ಕುಣಿಯುತ್ತಿದ್ದರೆ ನಾನು ತೊಲೆಯನ್ನೇ ನೋಡುತ್ತಿದ್ದೆ. ಮಾವ ಗಾಡಿ ಕಟ್ಟಿಕೊಂಡು ಕೆರೆಯಂಚಿಗೆ ಹೋಗಿ ಚೌಳು ಮಣ್ಣು ತಂದು ಸುರಿದರು. ಬೆಳಗ್ಗೆ ಏಣಿ ಹಾಕಿದರು. ಅಪ್ಪ ಮೇಲೆ, ಮಗ ಏಣಿಯ ಮೇಲೆ, ಬುಟ್ಟಿ ಹೋಗತೊಡಗಿತು.

ನಾನು ಅತ್ತೆಯ ಕೈ ಹಿಡಿದು ಎಳೆದೆ. "ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ. ಒಂದು ಗಳಿಗೆ ಇಲ್ಲಿ ನಿಂತು ಈ ಎಳೆ ನೋಡಿ, ಸಾಕು." ಅತ್ತೆ ಸೊಪ್ಪಿನ ಹೊರೆ ಇಳಿಸಿ ನನ್ನ ಪಕ್ಕ ನಿಂತರು. ಮೇಲೆ ಮಣ್ಣು ಬೀಳುವ ಧಪ್, ಧಪ್. ಮೂರು ಬುಟ್ಟಿ. ಆರು ಬುಟ್ಟಿ. ಎಳೆ ವೀಣೆಯ ತಂತಿಯಂತೆ ಬಿಗಿಯಿತು. ಒಂಬತ್ತನೇ ಬುಟ್ಟಿ ಬಿತ್ತು ನೋಡಿ, ಎಳೆ ಪಟ್ಟನೆ ಹರಿದು ಎರಡು ತುದಿ ಎರಡು ಕಡೆ ತೂಗಾಡಿತು. ಒಂದು ಹಿಡಿ ಧೂಳು ತಟ್ಟೆಯ ಮೇಲೆ ಸುರಿಯಿತು. ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡರು.

ಆಮೇಲೆ ನಾನು ಮಾಡಿದ್ದನ್ನು ನೆನೆದರೆ ಇವತ್ತಿಗೂ ನಗುವೂ ಬರುತ್ತದೆ, ಬೆವರೂ ಬರುತ್ತದೆ. ಸೆರಗು ಎಲ್ಲೋ, ತಲೆ ಎಲ್ಲೋ, ಬೀದಿಗೆ ಓಡಿ ಮಾಳಿಗೆಯ ಕಡೆ ಮುಖ ಎತ್ತಿ ಕೂಗಿದೆ: "ಮಾವಾ! ಇನ್ನೊಂದು ಬುಟ್ಟಿ ಹಾಕ್ಬೇಡಿ! ಹಾಕಿದ್ರೆ ನನ್ನಾಣೆ!"

ಬೀದಿ ನಿಂತುಬಿಟ್ಟಿತು. ನೀರು ತರುತ್ತಿದ್ದವರು ಬಿಂದಿಗೆ ಕೆಳಗಿಟ್ಟರು. ಪಿಳ್ಳಪ್ಪನವರ ಸೊಸೆ, ಮಾವನ ಮುಖಕ್ಕೆ ಕೂಗಿದಳು! ನಮ್ಮೆಜಮಾನರು ಏಣಿಯ ಮೇಲೆ ಬುಟ್ಟಿ ಹಿಡಿದು ಮೇಲೂ ಹೋಗಲಾರದೆ ಕೆಳಗೂ ಬರಲಾರದೆ ಕಣ್ಣು ಬಿಡುತ್ತಿದ್ದರು. ಮಾವ ಕೆಂಡದಂಥ ಮುಖ ಮಾಡಿಕೊಂಡು ಇಳಿದು ಬಂದರು. ನನ್ನತ್ತ ನೋಡಲಿಲ್ಲ. ಕಾಲು ತೊಳೆದರು, ಒಳಗೆ ಹೋದರು. ಹರಿದ ಎಳೆ ನೋಡಿದರು. ಬಿರುಕಿನಲ್ಲಿ ಕಿರುಬೆರಳು ಇಟ್ಟರು. ಬೆರಳಿನ ತುದಿ ಒಳಗೆ ಹೋಯಿತು.

ಬೆರಳಿನ ಧೂಳನ್ನು ಪಂಚೆಗೆ ಒರೆಸಿಕೊಂಡರು. ಆಮೇಲೆ, "ನಾರಾಯಣ, ಚಿಂತಾಮಣಿ ಕಡೆ ಒಬ್ಬ ಮಣ್ಣು ಮೇಸ್ತ್ರಿ ಇದ್ದಾನಂತಲ್ಲ ಓಬಳಪ್ಪ ಅಂತ, ಹೋಗಿ ಕರ್ಕೊಂಡು ಬಾ" ಅಂದರು.

ನನಗೆ ಕುಣಿದಾಡುವಷ್ಟು ಸಂತೋಷ. ಆದರೆ ಈಗ ಅತ್ತೆ ಅಡ್ಡ ನಿಂತರು. "ತೊಲೆ ಬೀಳಲಿ ನಿಲ್ಲಲಿ, ಬೇವಿನ ಸೊಪ್ಪು ಕಟ್ಟಿದ ಬಾಗಿಲು ದಾಟಿ ಹೊರಗಿನೋರು ಬರೋ ಹಂಗಿಲ್ಲ. ಇಷ್ಟು ದಿನ ಸಾಕಿದ ಹುಳಕ್ಕೆ ಏನಾರ ಆದ್ರೆ ನೀನು ಕೊಡ್ತೀಯಾ?" ಅಂತ ಗಂಡನನ್ನೇ ಕೇಳಿದರು. ಮಾವ ನನ್ನ ಮುಖ ನೋಡಿದರು. ಮದುವೆಯಾಗಿ ಬಂದಮೇಲೆ ಅವರು ನನ್ನ ಮುಖವನ್ನು ನೇರ ನೋಡಿದ್ದು ಅದೇ ಮೊದಲು.

"ಅವ್ರು ಹೊರಗೇ ಇರಲಿ. ಮಾಳಿಗೆ ಹೊರಗೇ ಅಲ್ವಾ ಇರೋದು? ಒಳಗಿನ ಕೆಲಸ ಅವ್ರು ಹೇಳಿದಂಗೆ ನಾನು ಮಾಡ್ತೀನಿ" ಅಂದೆ.

ನಮ್ಮೆಜಮಾನರು ಸೈಕಲ್ಲು ತುಳಿದು ಶಿಡ್ಲಘಟ್ಟ ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ಸಣ್ಣ ರೈಲು ಹಿಡಿದರು. ಆ ರೈಲೋ! ನಡುವೆ ಇಳಿದು ನಾಲ್ಕು ಹುಣಸೆಕಾಯಿ ಕಿತ್ತುಕೊಂಡು ಮತ್ತೆ ಹತ್ತಬಹುದು ಅಂತ ಜನ ನಗುತ್ತಿದ್ದರು. ಮಾರನೆಯ ದಿನ ಮಧ್ಯಾಹ್ನದವರೆಗೆ ನಾನು ಒಂದು ಕಣ್ಣು ಮೋಡದ ಮೇಲೆ, ಒಂದು ಕಣ್ಣು ತೊಲೆಯ ಮೇಲೆ ಇಟ್ಟು ಸೊಪ್ಪು ಹಾಕಿದೆ.

ಓಬಳಪ್ಪ ಮೇಸ್ತ್ರಿ ಬಂದರು. ಕುಳ್ಳಗೆ, ಗಟ್ಟಿಮುಟ್ಟಾಗಿ, ಕಿವಿಯ ಸಂದಿಯಲ್ಲಿ ಬೀಡಿ. ಅದನ್ನು ನೋಡಿದ ಕೂಡಲೇ ಅತ್ತೆ ಕೆಮ್ಮಿದರು. ಮೇಸ್ತ್ರಿ ಮರುಮಾತಿಲ್ಲದೆ ಬೀಡಿ ತೆಗೆದು ಬೇಲಿಯಾಚೆ ಎಸೆದರು. ಏಣಿ ಹತ್ತುವ ಮುಂಚೆ ಮನೆಯ ಸುತ್ತ ಒಂದು ಸುತ್ತು ಬಂದರು. ಗೋಡೆ ತಟ್ಟಿದರು. ಮಾಳಿಗೆಯಿಂದ ನೀರು ಬೀಳಲು ಅಂತ ಗೋಡೆಯಿಂದ ಚಾಚಿದ್ದ ಕಲ್ಲಿನ ದೋಣಿಯನ್ನು ಕೆಳಗಿನಿಂದ ನೋಡಿದರು, ಅದರೊಳಗೆ ಗೂಡು ಕಟ್ಟಿದ್ದ ಗುಬ್ಬಚ್ಚಿಯನ್ನೂ ನೋಡಿದರು. "ಗೌಡ್ರೇ, ಈ ದೋಣೀಲಿ ಕೊನೇ ಸಲ ನೀರು ಬಿದ್ದಿದ್ದು ಯಾವಾಗ?"

ಮಾವ ಯೋಚಿಸಿದರು. ನೆನಪಾಗಲಿಲ್ಲ.

ಮೇಲೆ ಹತ್ತಿ ಒಂದು ಮೂಲೆಯಲ್ಲಿ ಮೊಣಕಾಲುದ್ದ ಗುಳಿ ತೋಡಿದರು. ಮಾಳಿಗೆಯಲ್ಲಿ ಬೆಳಕಿಗೆ ಅಂತ ಬಿಟ್ಟ ಕಿಂಡಿಯ ಕೆಳಗೆ ನಿಂತಿದ್ದ ನನಗೆ ಅವರ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. "ದೇವುಡಾ! ಬನ್ನಿ ಗೌಡ್ರೇ, ನೋಡಿ. ಇದು ಕರೀ ಮಣ್ಣು, ಇದು ಬೂದಿ ಬಣ್ಣ, ಇದು ಕೆಂಪು, ಮತ್ತೆ ಕರಿ. ಮಣ್ಣೇರಿ ಏರಿ ದೋಣಿ ಬಾಯಿಗಿಂತ ಮೇಲೆ ಹೋಗೈತೆ. ಬಿದ್ದ ನೀರು ಹೋಗೋದೆಲ್ಲಿಗೆ? ನಿಂತು ನಿಂತು ಇಂಗ್ತದೆ, ಒಳಗೆ ಸೋರ್ತದೆ. ಸೋರ್ತದೆ ಅಂತ ನೀವು ಮತ್ತೆ ಮಣ್ಣು ಹಾಕ್ತೀರಿ. ಎತ್ತಿಗೆ ಜ್ವರ, ಎಮ್ಮೆಗೆ ಬರೆ! ತೊಲೆಗೆ ವಯಸ್ಸಾಗಿಲ್ಲ ಗೌಡ್ರೇ. ಮೂಗಿಗಿಂತ ಮೂಗುತಿ ಭಾರ ಆಗೈತೆ, ಅಷ್ಟೇ. ಒಂದು ಬುಟ್ಟೀನೂ ಹಾಕ್ಬೇಕಾಗಿರಲಿಲ್ಲ, ತೆಗೀಬೇಕಿತ್ತು."

 ನನಗೆ ಗೆದ್ದೆ ಅನ್ನಿಸಬೇಕಿತ್ತಲ್ಲ, ಅನ್ನಿಸಲಿಲ್ಲ. ಮಾವನ ದನಿ ಕೇಳಿಸಿತು: "ಈ ತಳದ ಕರೀ ಹೆಂಟೆ ನಮ್ಮಪ್ಪ ಹಾಕಿದ್ದು ಕಣಪ್ಪ. ಅದರ ಮೇಲಿನದೆಲ್ಲ ನಂದೇ. ಒಳ್ಳೇದು ಮಾಡ್ತೀನಿ ಅಂತ ಮೂವತ್ತು ವರ್ಷ ನನ್ನ ಮನೆ ತಲೆ ಮೇಲೆ ನಾನೇ ಕೂತಿದ್ದೆನಲ್ಲೋ."

"ಇಳಿದ್ರೆ ಆಯ್ತು ಬಿಡಿ" ಅಂದರು ಮೇಸ್ತ್ರಿ, "ಆದ್ರೆ ಹಂಗೇ ಇಳಿಯೋ ಹಂಗಿಲ್ಲ. ಮೊದಲು ತೊಲೆಗೆ ಕೆಳಗಿಂದ ಊರುಗೋಲು. ಆಮೇಲೆ ಎರಡೂ ಕಡೆಯಿಂದ ಸಮವಾಗಿ ಮಣ್ಣು ತೆಗೆಯೋದು." ಕಿಂಡಿಗೆ ಮುಖ ತಂದರು. "ಏಮ್ಮಾ, ನುವ್ವೇನಾ ಲೋಪಲ ಪನಿ ಚೇಸೇದಿ?" ಒಳಗಿನ ಕೆಲಸ ಮಾಡೋಳು ನೀನೇನಾ ಅಂತ.

"ನಾನೇ, ಮೇಸ್ತ್ರಿ" ಅಂದೆ. ನಮ್ಮ ನಗರಗೆರೆಯ ತೆಲುಗು ನಾಲಿಗೆಗೆ ಬಂತು. "ಚೆಪ್ಪಂಡಿ, ಚೇಸ್ತಾನು. ಹೇಳಿ, ಮಾಡ್ತೀನಿ."

ಆಹಾ, ಆ ಎರಡು ದಿನ! ನನ್ನ ಜೀವಮಾನದಲ್ಲಿ ಅಷ್ಟು ಖುಷಿಯಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಹಗ್ಗದಲ್ಲಿ ನೆಲದಿಂದ ತೊಲೆಯವರೆಗೆ ಅಳೆದು, ಗಂಟು ಹಾಕಿ, ಕಿಂಡಿಯಿಂದ ಮೇಲಕ್ಕೆ ಎಸೆದೆ. ಬಾವಿಯ ಹತ್ತಿರ ಬಿದ್ದಿದ್ದ ಬೇವಿನ ದಿಮ್ಮಿಯನ್ನು ಮೇಸ್ತ್ರಿ ಅದೇ ಅಳತೆಗೆ, ಒಂದು ಗೇಣು ಕಡಿಮೆ ಮಾಡಿ ಕೊಯ್ದರು. ಅದು ಹೊಸಿಲಿಗೆ ಬಂದಾಗ ಅತ್ತೆ ತಡೆದರು. ಅರಿಶಿನದ ನೀರಲ್ಲಿ ದಿಮ್ಮಿಗೆ ತಲೆಯಿಂದ ಕಾಲಿನವರೆಗೆ ಸ್ನಾನ! ಒಣಬಟ್ಟೆಯಲ್ಲಿ ಒರೆಸಿದ ಮೇಲೇ ಒಳಗೆ ಬಿಟ್ಟದ್ದು. ಮೇಸ್ತ್ರಿ ಹೊರಗೆ ನಿಂತು, "ಮದಲಿಂಗ ರೆಡಿ ಆದ್ನಾ ಅಮ್ಮಾ?" ಅಂತ ಕೇಳಿದರು. ಅತ್ತೆ ಸೆರಗು ಅಡ್ಡ ಹಿಡಿದು ನಕ್ಕದ್ದನ್ನು ನಾನು ನೋಡಿದೆ.

ಧೂಳು ಹುಳುವಿನ ಮೇಲೆ ಬೀಳಬಾರದಲ್ಲ. ನನ್ನ ಧಾರೆ ಸೀರೆ, ಅತ್ತೆಯ ಹಳೇ ಸೀರೆ, ಮನೆಯಲ್ಲಿದ್ದ ಪಂಚೆಗಳನ್ನೆಲ್ಲ ತೊಲೆಯ ಕೆಳಗೆ ಚಪ್ಪರದ ಹಾಗೆ ಕಟ್ಟಿದೆವು. ನೆಲಕ್ಕೆ ಚಪ್ಪಡಿ ಹಾಕಿ, ಅದರ ಮೇಲೆ ದಿಮ್ಮಿಯನ್ನು ನಿಲ್ಲಿಸಿ, ಕೆಳಗಿನ ಗೇಣಷ್ಟು ಸಂದಿನಲ್ಲಿ ಎದುರೆದುರು ಬೆಣೆಗಳನ್ನು ಇಟ್ಟೆವು. ನಮ್ಮೆಜಮಾನರ ಕೈಗೆ ಬೆಣೆ ಬಡಿಯುವ ಮರದ ಕೊಡತಿ. ನಾನು ದಿಮ್ಮಿಗೆ ಕಿವಿ ಇಟ್ಟು ತಬ್ಬಿಕೊಂಡೆ. ಸುತ್ತ ಸಾವಿರಾರು ಹುಳು ಮೇಯುತ್ತಿದ್ದರೂ ಮರಕ್ಕೆ ಕಿವಿ ಇಟ್ಟರೆ ಮರದ ಸದ್ದೇ ಕೇಳುತ್ತದೆ ಅಂತ ಮೇಸ್ತ್ರಿ ಹೇಳಿಕೊಟ್ಟಿದ್ದರು.

"ಒಂದೇಟು," ಮೇಲಿಂದ ಮೇಸ್ತ್ರಿ. "ಮೆಲ್ಲಗಾ! ನಿಲ್ಲಿಸಿ. ಏನಮ್ಮಾ ಸದ್ದು?"

"ಕಿರ್ ಅಂತು."

"ಅನ್ನಲಿ. ಇನ್ನೊಂದೇಟು. ಈಗ?"

"ಟಕ್ ಅಂತು ಮೇಸ್ತ್ರಿ!"

"ನಿಲ್ಲಿಸಿ! ಎಲ್ಲ ಉಸಿರು ಬಿಡಿ. ಮರಕ್ಕೂ ಉಸಿರಾಡೋಕೆ ಹೊತ್ತು ಬೇಕು."

ಹೀಗೆ ಒಂದೊಂದೇ ಏಟು. ನನ್ನ ಕಿವಿ ಕೆಂಪಾಗಿ ಹೋಗಿತ್ತು. ಕೊನೆಯ ಏಟಿಗೆ ದಿಮ್ಮಿಯೊಳಗಿಂದ ಗುಂಯ್ ಅಂತ ಒಂದು ತುಂಬಿದ ಸದ್ದು ಬಂದು ನನ್ನ ಹಲ್ಲಿನವರೆಗೂ ಮುಟ್ಟಿತು. ನಾನು ಏನೂ ಹೇಳುವ ಮುಂಚೆ ಮೇಸ್ತ್ರಿ ಮೇಲಿನಿಂದಲೇ, "ಚಾಲು ಚಾಲು, ಸಾಕು! ಎತ್ಕೊಂಡ, ಎತ್ಕೊಂಡ!" ಅಂತ ಕೂಗಿದರು. ದಿಮ್ಮಿ ಭಾರ ಎತ್ತಿಕೊಂಡದ್ದು ಅಂಗಾಲಿನಲ್ಲೇ ಅವರಿಗೆ ಗೊತ್ತಾಗಿತ್ತು. ಹೊಟ್ಟೆಪಾಡಿನ ವಿದ್ಯೆ ಅಂದರೆ ಏನು ಅಂತ ನನಗೆ ಆವತ್ತು ಅರ್ಥವಾಯಿತು.

ಆಮೇಲೆ ಮಣ್ಣು ಇಳಿಯಿತು. ಈ ಕಡೆ ಒಂದು ಬುಟ್ಟಿ, ಆ ಕಡೆ ಒಂದು ಬುಟ್ಟಿ. ಹೊತ್ತದ್ದು ಯಾರು ಅಂತೀರಿ? ಮಾವನೇ. "ನಾನು ಏರಿಸಿದ್ದು, ನಾನೇ ಇಳಿಸ್ತೀನಿ" ಅಂತ ಹಟ. ತಂದೆ ಹಾಕಿದ್ದ ಕರೀ ಪದರವನ್ನು ಮಾತ್ರ ಮೇಸ್ತ್ರಿ ಹಾಗೇ ಬಿಟ್ಟರು. "ಇದು ಸರಿಯಾದ ಕೈ. ಇಳಿಜಾರು ನೋಡಿ, ನೀರು ದೋಣಿಗೇ ಓಡ್ಬೇಕು ಹಂಗದೆ" ಅಂದರು. ಮಾವ ಆ ಮಣ್ಣನ್ನು ಅಂಗೈಯಲ್ಲಿ ಸವರಿದರಂತೆ, ನಮ್ಮೆಜಮಾನರು ಹೇಳಿದರು. ದೋಣಿಯ ಗುಬ್ಬಿಗೂಡಿನಲ್ಲಿ ಮೊಟ್ಟೆ ಮರಿ ಇರಲಿಲ್ಲ. ಅದನ್ನು ತೆಗೆದು ಬಾಯಿ ಬಿಡಿಸಿದರು.

ಹುಳು ಹಣ್ಣಾಗತೊಡಗಿದವು. ಮೈ ಬೆಳಕಿಗೆ ಹಿಡಿದರೆ ಆಚೆ ಕಾಣುವಂತೆ ಹೊಳೆಯುತ್ತಿದ್ದ ಹುಳುಗಳನ್ನು ಆರಿಸಿ, ಗೂಡು ಕಟ್ಟಲು ಸುರುಳಿ ಸುರುಳಿಯಾಗಿ ಹೆಣೆದ ಚಂದ್ರಿಕೆಗಳ ಮೇಲೆ ಬಿಟ್ಟೆವು. ಊಟ ಇಲ್ಲ, ಕೂರುವುದಿಲ್ಲ. ಮೇಯುವ ಸದ್ದು ತಟ್ಟೆಯಿಂದ ತಟ್ಟೆಗೆ ಕಡಿಮೆಯಾಗುತ್ತ ಬಂತು. ಎರಡನೇ ದಿನದ ಹೊತ್ತಿಗೆ ನಡುಮನೆ ಮತ್ತೆ ನಿಶ್ಶಬ್ದ. ಎಲ್ಲವೂ ತಲೆ ಆಡಿಸುತ್ತ ಎಳೆ ಸುತ್ತಿಕೊಳ್ಳುತ್ತಿದ್ದವು. ಈಗ ಒಂದು ಸೋರಿಕೆ, ಒಂದು ಹೆಂಟೆ, ಒಂದು ಅದುರು ಸಾಕಿತ್ತು ಎಲ್ಲ ಹಾಳಾಗಲು. ಮೇಸ್ತ್ರಿ ಹೊರಟಿರಲಿಲ್ಲ. "ಒಂದು ಮಳೆ ನೋಡ್ದೆ ನಾನು ಹೋಗಲ್ಲ" ಅಂತ ಕೊಟ್ಟಿಗೆಯಲ್ಲೇ ಬೀಡು ಬಿಟ್ಟಿದ್ದರು.

ಮೂರು ಗಂಟೆಗೆ ಕತ್ತಲಾಯಿತು. ಗಾಳಿ ಎದ್ದಿತು, ಗುಡುಗು ಬಿತ್ತು, ಭರಣಿ ಮಳೆ ಒಂದೇ ಸಲ ಕೊಡದಲ್ಲಿ ಸುರಿದಂತೆ ಸುರಿಯಿತು. ನಾನು ಓಡಿ ಹೋಗಿ ದಿಮ್ಮಿಯನ್ನು ತಬ್ಬಿ ಕಿವಿ ಇಟ್ಟೆ. ಅತ್ತೆ ಚಂದ್ರಿಕೆಗಳ ಮಧ್ಯೆ ತಲೆ ಎತ್ತಿ ಮಾಳಿಗೆಯನ್ನೇ ನೋಡುತ್ತ ನಿಂತರು. ಹೊರಗೆ ಬೀದಿಯಲ್ಲಿ ಯಾರೋ ಕೂಗಿದರು: "ಪಿಳ್ಳಪ್ಪನವರ ದೋಣೀಲಿ ನೀರು ಬಿತ್ತು ನೋಡ್ರೋ! ನೀರು ಬಿತ್ತು!" ಎಷ್ಟೋ ವರ್ಷದಿಂದ ಒಣಗಿದ್ದ ಆ ಕಲ್ಲಿನ ಬಾಯಿಂದ ನೀರು ಧೋ ಎಂದು ಅಂಗಳಕ್ಕೆ ಧುಮುಕುತ್ತಿತ್ತು.

ಮಾವ ಒಳಗೆ ಬಂದರು. ದಿಮ್ಮಿಯ ಆ ಬದಿಗೆ ಹೋಗಿ ಅವರೂ ಕಿವಿ ಇಟ್ಟರು. ಒಂದೇ ಕಂಬಕ್ಕೆ ಈ ಕಡೆ ನಾನು, ಆ ಕಡೆ ಮಾವ. ಮಾವನ ಎದುರು ಕೂರಬಾರದ ಸೊಸೆ, ಸೊಸೆಯ ಮುಖ ನೋಡಬಾರದ ಮಾವ. 

"ನಿಂಗೇನಾದ್ರೂ ಕೇಳಿಸ್ತದಾ?" ಅಂದರು.

"ಇಲ್ಲ ಮಾವ. ನಿಮಗೆ?"

"ನಂಗೂ ಏನೂ ಇಲ್ಲ ಕಣಮ್ಮ." ಅವರ ಕಣ್ಣು ತುಂಬಿ ಬಂತು, ಅಳುತ್ತ ನಗುತ್ತ ಅದೇ ಮಾತನ್ನು ಮತ್ತೆ ಹೇಳಿದರು. "ಏನೂ ಇಲ್ಲ! ಬರೀ ಮಳೆ ಅಷ್ಟೇ. ಮುನಿಯಾ, ನಿನ್ನ ಸೊಸೆ ಕೈಗುಣ ಇದ್ದೋಳಲ್ಲ, ಕಿವಿಗುಣ ಇದ್ದೋಳು ಕಣೇ!"

ಅತ್ತೆ ನನ್ನ ಹತ್ತಿರ ಬಂದು ಕೆಂಪಾಗಿದ್ದ ನನ್ನ ಕಿವಿಯನ್ನು ಮೆಲ್ಲಗೆ ಸವರಿದರು.

ಮಾವ ನೇರ ಬಾಗಿಲಿಗೆ ಹೋದರು. ಕೊಟ್ಟಿಗೆಯ ಮುಂದೆ ಮಳೆಯಲ್ಲೇ ನಿಂತು ದೋಣಿಯ ನೀರು ನೋ‌ಡುತ್ತಿದ್ದ ಓಬಳಪ್ಪನವರನ್ನು ಕೂಗಿದರು: "ಮೇಸ್ತ್ರೀ, ಒಳಗೆ ಬಾರಪ್ಪ."

ಮೇಸ್ತ್ರಿ ಬೇವಿನ ಸೊಪ್ಪು ನೋಡಿದರು. ಇದ್ದಲ್ಲೇ ನಿಂತರು. "ಬೇಡಿ ಗೌಡ್ರೇ. ನಾನು ಹೊರಗಿನೋನು." ಬರೀ ಹುಳುವಿನ ಕಟ್ಟಳೆಯ ಮಾತಲ್ಲ ಅದು ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವರಂಥ ಮಣ್ಣಿನ ಕೆಲಸದವರು ಆಗ ನಮ್ಮಂಥವರ ಮನೆಯ ಜಗಲಿಯನ್ನೇ ದಾಟುತ್ತಿರಲಿಲ್ಲ.

ಮಾವ ಒಮ್ಮೆ ಹಿಂದೆ ತಿರುಗಿ ಅತ್ತೆಯನ್ನು ನೋಡಿದರು. ಅತ್ತೆ ತಾವೇ ಹೋಗಿ ಬಾಗಿಲ ಬೇವಿನ ಸೊಪ್ಪನ್ನು ಬಿಚ್ಚಿದರು, ಹೊಸಿಲಿನಾಚೆ ಒಂದು ಚೊಂಬು ನೀರಿಟ್ಟು ಪಕ್ಕಕ್ಕೆ ಸರಿದರು.

"ಕಾಲು ತೊಳ್ಕೊಂಡು ಬಾರಪ್ಪ" ಅಂದರು ಮಾವ. "ನೀನು ನಿಲ್ಲಿಸಿದ ಮನೆ. ನೀನೇ ಒಳಗಿಂದ ನೋಡಿಲ್ವಲ್ಲೋ."